ಗಿಳಿಯು ತನ್ನ ಗರಿಯನ್ನೇಕೆ ಕೀಳುವುದು?

ಗಿಳಿಯನ್ನು ಅರಿಯದ ಕನ್ನಡಿಗರು ಇರಲಾರರು. ಅಕ್ಕಮಹಾದೇವಿಯು ತನ್ನ ಚೆನ್ನಮಲ್ಲಿಕಾರ್ಜುನನನ್ನು ಅರಸುತ್ತ ವನದ ಪಕ್ಷಿಗಳನ್ನು ವಿಚಾರಿಸುವಾಗ ಗಿಳಿಗಳನ್ನು ಮರೆಯಲಿಲ್ಲ. ಬಾಣಭಟ್ಟನ 'ಕಾದಂಬರಿ'ಯಲ್ಲಿ ಅರಸನ ಸಭೆಯೊಳಗೆ ಕಥೆ ಹೇಳುವುದು ವೈಶಂಪಾಯನನೆಂಬ ಗಿಳಿಯೇ. ನಾಗವರ್ಮನು ಆ ಕಥೆಯನ್ನು 'ಕರ್ನಾಟಕ ಕಾದಂಬರಿ'ಯಾಗಿ ತಂದುದರಿಂದ ಆ ಗಿಳಿಯು ಶತಮಾನಗಳಿಂದ ಕನ್ನಡದಲ್ಲಿಯೂ ಮಾತನಾಡುತ್ತ ಬಂದಿದೆ. ಜಾತ್ರೆಗಳಲ್ಲಿ ಚೀಟಿ ಎತ್ತಿ ನಮ್ಮ ಭವಿಷ್ಯವನ್ನು ಹೇಳುವುದೂ ಅದೇ ಹಕ್ಕಿ. ಆದರೆ ನಮ್ಮ ನವಲಗುಂದ, ಅಣ್ಣಿಗೇರಿ ಕಡೆಯ ಎರೆಹೊಲಗಳಲ್ಲಿ ಜೋಳವು ಹಾಲುಗಾಳು ಕಟ್ಟುವ ಹೊತ್ತಿಗೆ ಇದೇ ಗಿಳಿಗಳ ಹಿಂಡು ಬಂದು ಎರಗಿದರೆ ನಾವು ಕವಣೆ ಬೀಸಿ, ತಗಡಿನ ಡಬ್ಬಿ ಬಡಿದು ಓಡಿಸುತ್ತೇವೆ. ಕಾವ್ಯದಲ್ಲಿ ಜಾಣ, ಹೊಲದಲ್ಲಿ ಕಳ್ಳ, ಮನೆಯಲ್ಲಿ ಮುದ್ದು: ಒಂದೇ ಹಕ್ಕಿಗೆ ನಾವು ಕೊಟ್ಟ ಮೂರು ಹೆಸರುಗಳಿವು.

ಮನೆಯಲ್ಲಿ ಮುದ್ದಾದ ಈ ಗಿಳಿಗೆ ಒಂದು ವಿಚಿತ್ರವಾದ ವ್ಯಾಧಿ ಬರುವುದುಂಟು. ಪಂಜರದಲ್ಲಿ ಕುಳಿತ ಹಕ್ಕಿಯು ತನ್ನ ಗರಿಗಳನ್ನು ತಾನೇ ಕೊಕ್ಕಿನಿಂದ ಕಿತ್ತು ಕಿತ್ತು ಕೆಳಗೆ ಹಾಕುವುದು. ಮೊದಲು ಎದೆಯ ನಯವಾದ ಗರಿಗಳು, ಬಳಿಕ ತೊಡೆ, ರೆಕ್ಕೆಯ ಒಳಭಾಗ, ಕಡೆಗೆ ಬಾಲ. ಕೆಲವು ತಿಂಗಳುಗಳಲ್ಲಿ ಹಸಿರು ಹಕ್ಕಿಯು ಬೋಳು ಚರ್ಮದ ಹಕ್ಕಿಯಾಗಿ, ನೋಡುವವರ ಮನಸ್ಸನ್ನು ನೋಯಿಸುವುದು. ಕೆಲವು ಹಕ್ಕಿಗಳು ಗರಿ ಮುಗಿದ ಮೇಲೆ ಚರ್ಮವನ್ನೂ ಕಚ್ಚಿ ಗಾಯ ಮಾಡಿಕೊಳ್ಳುವುವು. ಸೆರೆಯಲ್ಲಿರುವ ಗಿಳಿಜಾತಿಯ ಹಕ್ಕಿಗಳಲ್ಲಿ ನೂರಕ್ಕೆ ಸುಮಾರು ಹತ್ತು ಈ ಚಾಳಿಗೆ ಬೀಳುವುವೆಂದು ತಜ್ಞರ ಅಂದಾಜು. ಕಾಡಿನಲ್ಲಿ ಸ್ವತಂತ್ರವಾಗಿ ಬದುಕುವ ಗಿಳಿಗಳಲ್ಲಿಯಾದರೋ ಇದು ಕಾಣುವುದೇ ಇಲ್ಲವೆನ್ನಬಹುದು. ಈ ಒಂದು ಸಂಗತಿಯಲ್ಲಿಯೇ ರೋಗದ ಗುಟ್ಟು ಅಡಗಿದೆಯೆಂದು ನನ್ನ ಭಾವನೆ. ಅದನ್ನು ಕ್ರಮವಾಗಿ ವಿವೇಚಿಸುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ಗರಿಯೆಂದರೇನು ಎಂಬುದನ್ನು ತಿಳಿಯಬೇಕು. ಗರಿಯು ಹಕ್ಕಿಗೆ ಬರಿಯ ಅಲಂಕಾರವಲ್ಲ. ಹಕ್ಕಿಯ ಮೈಯ ಶಾಖ 40–42 ಸೆಂಟಿಗ್ರೇಡಿನಷ್ಟು, ನಮ್ಮದಕ್ಕಿಂತ ಹೆಚ್ಚು. ಆ ಶಾಖವನ್ನು ಹಿಡಿದಿಡುವ ಕಂಬಳಿಯೂ, ಮಳೆಗೆ ಕೊಡೆಯೂ, ಹಾರಾಟಕ್ಕೆ ಹಾಯಿಯೂ ಗರಿಯೇ. ನಮ್ಮ ಉಗುರು ಕೂದಲುಗಳು ಯಾವ ವಸ್ತುವಿನಿಂದಾಗಿವೆಯೋ ಅಂಥದೇ ಕೆರಾಟಿನ್ ಎಂಬ ವಸ್ತುವಿನಿಂದ ಅದು ಆಗಿರುವುದು. ಹೊಸ ಗರಿ ಚಿಗುರುವಾಗ ಅದರ ಕಾಂಡದೊಳಗೆ ರಕ್ತ ಹರಿಯುತ್ತಿರುತ್ತದೆ. ಗರಿ ಬಲಿತ ಮೇಲೆ ರಕ್ತ ಇಂಗಿ ಕಾಂಡವು ಟೊಳ್ಳಾಗುವುದು. ಚಿಗುರುಗರಿಯನ್ನು ಕಿತ್ತರೆ ಹಕ್ಕಿಗೆ ನೋವೂ ಆಗುವುದು, ರಕ್ತವೂ ಸುರಿಯುವುದು. ಹೀಗಿದ್ದೂ ಅದು ಕೀಳುವುದೆಂದರೆ, ಆ ನೋವಿಗಿಂತ ಹೆಚ್ಚಿನ ಯಾವುದೋ ಬಾಧೆ ಅದನ್ನು ಒತ್ತಾಯಿಸುತ್ತಿರಬೇಕಷ್ಟೆ.

ಗರಿ ಕಡಿಮೆಯಾಯಿತೆಂದ ಮಾತ್ರಕ್ಕೆ ಹಕ್ಕಿಯು ಕಿತ್ತುಕೊಂಡಿತೆಂದು ತಿಳಿಯಕೂಡದು. ಆರೋಗ್ಯದಿಂದಿರುವ ಹಕ್ಕಿಯೂ ವರ್ಷಕ್ಕೊಮ್ಮೆ ಹಳೆಯ ಗರಿ ಉದುರಿಸಿ ಹೊಸದನ್ನು ತೊಡುವುದು. ಆಗ ಗರಿಗಳು ಎಡಬಲಗಳಲ್ಲಿ ಸರಿಸಮನಾಗಿ, ಸ್ವಲ್ಪ ಸ್ವಲ್ಪವಾಗಿ ಉದುರುವುವು, ಚರ್ಮ ಬೋಳಾಗುವುದಿಲ್ಲ. ಕಿತ್ತುಕೊಳ್ಳುವ ಹಕ್ಕಿಯಲ್ಲಾದರೆ ಬೋಳು ತೇಪೆಗಳು ಕಾಣುವುವು, ಬಿದ್ದ ಗರಿಗಳ ಬುಡ ಕಚ್ಚಿ ಜಜ್ಜಿದಂತಿರುವುದು.

ಇನ್ನೊಂದು ಸುಲಭವಾದ ಪರೀಕ್ಷೆಯಿದೆ. ಗಿಳಿಯ ಕೊಕ್ಕು ಅದರ ಮೈಯ ಎಲ್ಲ ಕಡೆಗೂ ತಲುಪುವುದು, ತಲೆಯೊಂದನ್ನು ಬಿಟ್ಟು. ಆದುದರಿಂದ ಮೈಯೆಲ್ಲ ಬೋಳಾಗಿ ತಲೆಯ ಗರಿ ಮಾತ್ರ ಅಚ್ಚುಕಟ್ಟಾಗಿದ್ದರೆ, ಕಿತ್ತದ್ದು ಆ ಹಕ್ಕಿಯೇ ಎಂದು ಬಹುಮಟ್ಟಿಗೆ ಹೇಳಬಹುದು. ತಲೆಯೂ ಬೋಳಾಗಿದ್ದರೆ ಜೊತೆಯ ಹಕ್ಕಿಯು ಕಿತ್ತಿರಬೇಕು. ಇಲ್ಲವೆ ಬೇರೆ ರೋಗವಿರಬೇಕು. ಗಿಳಿಗಳಿಗೆ ತಗಲುವ ಒಂದು ವೈರಸ್ ರೋಗದಲ್ಲಿ ಕೊಕ್ಕು ವಿಕಾರವಾಗಿ, ತಲೆಯ ಗರಿಗಳೂ ಸೇರಿದಂತೆ ಎಲ್ಲ ಗರಿಗಳೂ ಸೊಟ್ಟಾಗಿ ಹುಟ್ಟಿ ಉದುರುವುವು. ಅದು ಒಂದು ಹಕ್ಕಿಯಿಂದ ಇನ್ನೊಂದಕ್ಕೆ ಹರಡುವ ರೋಗವಾದುದರಿಂದ ಇಂಥ ಗುರುತು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಕೀಳುವುದಕ್ಕೆ ಕಾರಣಗಳು ಎರಡು ಬಗೆ: ಮೈಗೆ ಸಂಬಂಧಪಟ್ಟವು, ಮನಸ್ಸಿಗೆ ಸಂಬಂಧಪಟ್ಟವು. ಮೈಯ ಕಾರಣಗಳನ್ನು ಮೊದಲು ನೋಡೋಣ. ನಮ್ಮಲ್ಲಿ ಎಲ್ಲರೂ ಮೊದಲು ಶಂಕಿಸುವುದು ಹೇನು ನುಸಿಗಳನ್ನು. ಮನೆಯೊಳಗಿನ ಗಿಳಿಗಳಲ್ಲಿ ಇವು ಕಾರಣವಾಗುವುದು ಅಪರೂಪವೆಂದು ಪಶುವೈದ್ಯರು ಹೇಳುತ್ತಾರೆ. ಅದಕ್ಕಿಂತ ಸಾಮಾನ್ಯವಾದ ಕಾರಣ ಆಹಾರದ ದೋಷ. ಬರಿಯ ಸೂರ್ಯಕಾಂತಿ ಬೀಜ ತಿಂದು ಬೆಳೆದ ಹಕ್ಕಿಗೆ ಜಿಡ್ಡು ಹೆಚ್ಚಾಗಿ, ಎ ಜೀವಸತ್ವವೂ ಸುಣ್ಣದ ಅಂಶವೂ ಕಡಿಮೆಯಾಗುವುವು. ಚರ್ಮ ಒಣಗಿ ತುರಿಸತೊಡಗುವುದು. ಚಹದಲ್ಲಿ ಅದ್ದಿದ ಬಿಸ್ಕೀಟು, ಉಪ್ಪು ಖಾರದ ಅನ್ನ ಇವು ಗಿಳಿಯ ಆಹಾರವೇ ಅಲ್ಲ. ಒಲೆಯ ಹೊಗೆ, ಬೀಡಿಯ ಹೊಗೆ, ಬೀಡಿ ಹಿಡಿದ ಕೈಯಿಂದಲೇ ಹಕ್ಕಿಯನ್ನು ಮುಟ್ಟುವುದು ಇವೂ ಚರ್ಮಕ್ಕೆ ಬಾಧಕ. ಸತುವಿನ ಲೇಪವಿರುವ ತಂತಿಯ ಪಂಜರವನ್ನು ಹಕ್ಕಿಯು ಸದಾ ಕಚ್ಚುತ್ತಿದ್ದರೆ ಸತುವು ಹೊಟ್ಟೆ ಸೇರಿ ವಿಷವಾಗುವುದುಂಟು. ಹಾರಿ ಹೋಗದಿರಲೆಂದು ರೆಕ್ಕೆಯ ಗರಿಗಳನ್ನು ಕತ್ತರಿಯಿಂದ ಒರಟಾಗಿ ಕತ್ತರಿಸಿದರೆ, ಉಳಿದ ಮೋಟುಗಳು ಪಕ್ಕೆಗೆ ಚುಚ್ಚುತ್ತಿದ್ದು ಅಲ್ಲಿಂದಲೇ ಕೀಳುವ ಚಾಳಿ ಮೊದಲಾಗಬಹುದು. ಆದುದರಿಂದ ಮನಸ್ಸಿನ ಮಾತಿಗೆ ಹೋಗುವ ಮೊದಲು ಮೈಯನ್ನು ಪರೀಕ್ಷಿಸಬೇಕಾದುದು ನಿಯಮ.

ಪ್ರಸಂಗವಶಾತ್ ಮೆಣಸಿನಕಾಯಿಯ ಮಾತು. ಹಸಿಮೆಣಸಿನಕಾಯಿ ತಿನ್ನಿಸಿದರೆ ಗಿಳಿಗೆ ನಾಲಗೆ ತಿರುಗಿ ಮಾತು ಬರುವುದೆಂದು ನಮ್ಮ ಕಡೆ ನಂಬಿಕೆಯಿದೆ. ಅದು ನಿಜವಲ್ಲ, ಆದರೆ ಮೆಣಸಿನಕಾಯಿಯಿಂದ ಗಿಳಿಗೆ ಕೇಡೂ ಇಲ್ಲ. ನಮ್ಮ ನಾಲಗೆಯಲ್ಲಿ ಖಾರವನ್ನು ಅರಿಯುವ ನರಗಳ ದ್ವಾರವು ಹಕ್ಕಿಗಳಲ್ಲಿಯೂ ಇದ್ದರೂ, ಅದು ಖಾರದ ವಸ್ತುವಿಗೆ ಕದ ತೆರೆಯುವುದಿಲ್ಲವೆಂದು 2002ರಲ್ಲಿ ವಿಜ್ಞಾನಿಗಳು ತೋರಿಸಿದರು. ಬ್ಯಾಡಗಿ ಮೆಣಸಿನಕಾಯಿ ಗಿಳಿಗೆ ಬರಿಯ ಕೆಂಪು ಹಣ್ಣು!

ಈಗ ಮನಸ್ಸಿನ ಕಾರಣಕ್ಕೆ ಬರೋಣ. ಹಕ್ಕಿಗೆಂಥ ಮನಸ್ಸು ಎಂದು ಕೆಲವರು ನಗಬಹುದು. ಆದರೆ ಪರೀಕ್ಷೆಯ ಮುಂದೆ ಉಗುರು ಕಚ್ಚುವ ಮಿತ್ರರನ್ನು ನಾವೆಲ್ಲ ಕಂಡಿದ್ದೇವೆ. ಮನುಷ್ಯರಲ್ಲಿಯೂ ತಮ್ಮ ತಲೆಗೂದಲನ್ನು ತಾವೇ ಕೀಳುವ ಒಂದು ಮನೋವ್ಯಾಧಿಯಿದೆ. ಗಿಳಿಯ ಚಾಳಿಗೂ ಅದಕ್ಕೂ ಹೋಲಿಕೆಗಳಿವೆಯೆಂದು ಈ ವಿಷಯದ ಸಂಶೋಧಕರು ಎತ್ತಿ ತೋರಿಸಿದ್ದಾರೆ.

ಕಾಡಿನ ಗಿಳಿಯ ದಿನಚರಿಯನ್ನು ಗಮನಿಸಿದರೆ ವಿಷಯ ಸ್ಪಷ್ಟವಾಗುವುದು. ಬೆಳಗಾಗುತ್ತಲೆ ಹಿಂಡಿನೊಡನೆ ಕೂಗುತ್ತ ಹಾರಬೇಕು. ಹಣ್ಣಿರುವ ಮರವನ್ನು ಹುಡುಕಬೇಕು. ಕಾಯಿಯನ್ನು ಕಾಲಿನಲ್ಲಿ ಹಿಡಿದು, ತಿರುಗಿಸಿ, ಸಿಪ್ಪೆ ಸುಲಿದು, ಒಳಗಿನ ತಿರುಳನ್ನು ತೆಗೆಯಬೇಕು. ಗಿಡುಗ ಬಂದರೆ ಎಚ್ಚರಿಸಬೇಕು. ಸಂಜೆಗೆ ಒಂದೇ ಮರಕ್ಕೆ ನೂರಾರು ಹಕ್ಕಿಗಳು ಸೇರಿ ಗದ್ದಲ ಮಾಡಿ ಮಲಗಬೇಕು. ಅಮೆರಿಕ ಖಂಡದ ಒಂದು ಜಾತಿಯ ಕಾಡುಗಿಳಿಗಳು ದಿನಕ್ಕೆ 4ರಿಂದ 6 ಗಂಟೆಯಷ್ಟು ಹೊತ್ತನ್ನು ಆಹಾರ ಹುಡುಕುವುದರಲ್ಲಿಯೇ ಕಳೆಯುವುವೆಂದು ಕಂಡುಬಂದಿದೆ. ಪಂಜರದಲ್ಲಿ ಬಟ್ಟಲು ತುಂಬ ಸಿದ್ಧ ಆಹಾರ ಪಡೆಯುವ ಹಕ್ಕಿಗೆ ಈ ಕೆಲಸ ಒಂದು ಗಂಟೆಯೊಳಗೆ ಮುಗಿದುಹೋಗುವುದು. ಉಳಿದ ಹೊತ್ತನ್ನು ಏನು ಮಾಡಬೇಕು? ಸುಲಿಯಬೇಕೆಂಬ ಕೊಕ್ಕು ಇದೆ, ಸುಲಿಯುವುದಕ್ಕೆ ಕಾಯಿ ಇಲ್ಲ. ಕೊಕ್ಕಿಗೆ ಎಟಕುವ ವಸ್ತು ಒಂದೇ: ತನ್ನ ಮೈ.

ಇದು ಬರಿಯ ಊಹೆಯಲ್ಲ. ಅಮೆರಿಕದ ಡೇವಿಸ್ ನಗರದಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಮೀಹನ್, ಮಿಲ್ಲಂ, ಮೆಂಚ್ ಎಂಬ ಮೂವರು ವಿಜ್ಞಾನಿಗಳು ಎಳೆಯ ಅಮೆಜಾನ್ ಗಿಳಿಗಳನ್ನು ಎರಡು ಗುಂಪು ಮಾಡಿ ಪ್ರಯೋಗ ನಡೆಸಿ, ಫಲಿತಾಂಶವನ್ನು 2003ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಬರಿಯ ಪಂಜರ, ಬಟ್ಟಲಿನ ಆಹಾರ. ಇನ್ನೊಂದು ಗುಂಪಿಗೆ ಹತ್ತಿ ಇಳಿಯಲು, ತೂಗಲು, ಕಚ್ಚಲು ಬಗೆಬಗೆಯ ಸಾಮಾನುಗಳು, ಮತ್ತು ಹುಡುಕಿ ಬಿಡಿಸಿ ತಿನ್ನಬೇಕಾದ ಆಹಾರ. ಕೆಲಸವಿದ್ದ ಗುಂಪಿನ ಗರಿಗಳು ಚೆನ್ನಾಗಿ ಉಳಿದುವು. ಕೆಲಸವಿಲ್ಲದ ಗುಂಪಿನವು ಕೆಟ್ಟುವು. ಬಳಿಕ ಆ ಎರಡನೆಯ ಗುಂಪಿಗೂ ಅದೇ ಸೌಕರ್ಯಗಳನ್ನು ಕೊಟ್ಟಾಗ ಅವುಗಳ ಗರಿಗಳೂ ಸುಧಾರಿಸಿದುವು. ಕೆಲಸವು ರೋಗವನ್ನು ತಡೆಯುವುದಷ್ಟೇ ಅಲ್ಲ, ಬಂದ ರೋಗವನ್ನು ಇಳಿಸಲೂ ಬಲ್ಲದೆಂದು ಇದರಿಂದ ಸಿದ್ಧವಾಯಿತು.

ಮುಂದೆ 2021ರಲ್ಲಿ ಕೆನಡಾದ ಗೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು ಗಿಳಿಯ ಹಲವಾರು ಜಾತಿಗಳನ್ನು ಹೋಲಿಸಿ ನೋಡಿದರು. ಕಾಡಿನಲ್ಲಿ ಯಾವ ಜಾತಿಗಳ ಆಹಾರವು ಬೀಜ, ಗಟ್ಟಿ ಕಾಯಿ ಮುಂತಾಗಿ ಬಹಳ ಶ್ರಮದಿಂದ ಬಿಡಿಸಿ ತಿನ್ನುವಂಥದೋ, ಆ ಜಾತಿಗಳೇ ಸೆರೆಯಲ್ಲಿ ಹೆಚ್ಚಾಗಿ ಗರಿ ಕೀಳುವುವೆಂದು ಅವರು ಕಂಡರು. ದೊಡ್ಡ ಮೆದುಳಿನ ಜಾತಿಗಳಲ್ಲಿ, ಗೊತ್ತುಗುರಿಯಿಲ್ಲದೆ ಅತ್ತಿತ್ತ ಅಲೆದಾಡುವುದು, ತಲೆ ತಿರುಗಿಸುವುದು ಮೊದಲಾದ ಬೇರೆ ಚಾಳಿಗಳೂ ಹೆಚ್ಚು. ಬುದ್ಧಿವಂತ ಹಕ್ಕಿಯೆಂದೇ ನಾವು ಗಿಳಿಯನ್ನು ಸಾಕುತ್ತೇವೆ. ಆ ಬುದ್ಧಿಯೇ ಅದಕ್ಕೆ ಸೆರೆಮನೆಯಲ್ಲಿ ಶತ್ರುವಾಗುವುದು.

ಇದಕ್ಕೆ ಒಂದು ಉದಾಹರಣೆಯನ್ನು ನನ್ನ ಊರಿನಿಂದಲೇ ಕೊಡಬಲ್ಲೆ. ಶಲವಡಿಯ ನಮ್ಮ ಓಣಿಯಲ್ಲಿ ಒಬ್ಬ ಅಜ್ಜಿಯಿದ್ದಾಳೆ. ಅವಳ ಮೊಮ್ಮಗನು ಕೆಲವು ವರ್ಷಗಳ ಹಿಂದೆ ಜಾತ್ರೆಯೊಂದರಿಂದ ಗಿಳಿಯ ಮರಿಯನ್ನು ತಂದಿದ್ದನು. ಪಂಜರವು ಮನೆಯ ಮುಂದಿನ ಕಟ್ಟೆಯ ಮೇಲೆ ತೂಗುತ್ತಿತ್ತು. ಹೋಗಿ ಬರುವವರೆಲ್ಲ ಅದನ್ನು ಮಾತನಾಡಿಸುವರು, ಅದೂ ಮಾತನಾಡುವುದು. ಮೊಮ್ಮಗನು ದುಡಿಯಲು ಪಟ್ಟಣಕ್ಕೆ ಹೋದ ಮೇಲೆ, ಬೆಕ್ಕಿನ ಭಯಕ್ಕಾಗಿ ಅಜ್ಜಿಯು ಪಂಜರವನ್ನು ಅಡಿಗೆಮನೆಯ ಮಗ್ಗುಲಿನ ಕತ್ತಲೆ ಕೋಣೆಗೆ ತಂದಳು. ಮೂರು ನಾಲ್ಕು ತಿಂಗಳಲ್ಲಿ ಗಿಳಿಯ ಎದೆ ಬೋಳಾಯಿತು.

ಓಣಿಯ ಜನರು ತಮಗೆ ತಿಳಿದ ಉಪಾಯಗಳನ್ನು ಹೇಳಿದರು. ದೃಷ್ಟಿಯಾಗಿದೆಯೆಂದು ಒಬ್ಬರು ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಒಬ್ಬರು ತಂಬಾಕಿನ ನೀರು ಹಚ್ಚೆಂದರು. ಮತ್ತೊಬ್ಬರು ಹತ್ತಿಯ ಬೆಳೆಗೆ ಹೊಡೆಯುವ ಔಷಧವನ್ನು ನೀರಿನಲ್ಲಿ ಬೆರೆಸಿ ಎರೆಯಲು ತಂದೇಬಿಟ್ಟರು. ಅದು ಮೈಮೇಲೆ ಬಿದ್ದಿದ್ದರೆ ಹಕ್ಕಿ ಅಂದೇ ಸಾಯುತ್ತಿತ್ತು. ಅಜ್ಜಿಯು ಅವರ ಕೈ ತಡೆದು ನನ್ನನ್ನು ಕರೆಯಿಸಿದಳು.

"ನೀ ಕಾಲೇಜ ಕಲಿಯಾಕಿ. ನಿಮ್ಮ ಪುಸ್ತಕದಾಗ ಇದಕ್ಕ ಏನರ ಬರದಾರೇನ ನೋಡ ಯವ್ವಾ" ಎಂದಳು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ಓಣಿಯ ಪಾಲಿಗೆ ಬಿ.ಎ. ಓದುವವಳೆಂದರೆ ವೈದ್ಯಳೂ ಹೌದು, ವಕೀಲಳೂ ಹೌದು, ಬ್ಯಾಂಕಿನ ಅರ್ಜಿ ತುಂಬುವವಳೂ ಹೌದು. ಇತಿಹಾಸ, ಅರ್ಥಶಾಸ್ತ್ರಗಳ ಪುಸ್ತಕಗಳಲ್ಲಿ ಗಿಳಿಯ ಗರಿಯ ಮಾತಿಲ್ಲವೆಂದು ಅಜ್ಜಿಗೆ ಹೇಳುವುದು ಹೇಗೆ? ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಇಂಗ್ಲಿಷ್ ಲೇಖನಗಳನ್ನು ಓದಿದೆನು. ಪಶುವೈದ್ಯರೊಬ್ಬರ ಬಳಿಗೆ ಹಕ್ಕಿಯನ್ನು ಒಯ್ದೆವು. ಮೇಲೆ ಹೇಳಿದ ಸಂಗತಿಗಳಲ್ಲಿ ಬಹಳಷ್ಟನ್ನು ನಾನು ಅರಿತದ್ದು ಹೀಗೆ. ವೈದ್ಯರು ಹಕ್ಕಿಯ ತಲೆಯನ್ನು ನೋಡಿದರು, ಗರಿ ನುಣುಪಾಗಿತ್ತು. ಕೊಕ್ಕು, ಕಣ್ಣು, ಹಿಕ್ಕೆಗಳನ್ನು ಪರೀಕ್ಷಿಸಿದರು. ಅಂಟುರೋಗದ ಗುರುತಿಲ್ಲವೆಂದೂ, ಆಹಾರವೂ ಇರುವ ಜಾಗವೂ ಬದಲಾಗಬೇಕೆಂದೂ ಹೇಳಿದರು.

ಚಿಕಿತ್ಸೆಯೆಂದರೆ ಹೀಗಿತ್ತು, ಇದು ಯಾವ ಗಿಳಿಗೂ ಅನ್ವಯಿಸುವುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಮೊದಲನೆಯದು ಜಾಗ. ಪಂಜರವು ಹೊಗೆಯಿಂದ ದೂರವಾಗಿ, ಬೆಳಕು ಗಾಳಿಗಳಿರುವಲ್ಲಿ, ಮನೆಯವರು ಓಡಾಡುವ ಕಡೆ ಇರಬೇಕು. ಒಂದು ಮಗ್ಗುಲಿಗೆ ಗೋಡೆಯಿದ್ದರೆ ಹಕ್ಕಿಗೆ ಆಸರೆಯ ಧೈರ್ಯವಿರುವುದು. ಎರಡೂ ರೆಕ್ಕೆಗಳನ್ನು ಪೂರ್ತಿ ಬಿಚ್ಚುವಷ್ಟಾದರೂ ಅಗಲ ಬೇಕು. ನಮ್ಮ ಸಂತೆಗಳಲ್ಲಿ ಸಿಕ್ಕುವ ದುಂಡನೆಯ ಚಿಕ್ಕ ಪಂಜರಗಳು ಇದಕ್ಕೆ ಸಾಲವು.

ಎರಡನೆಯದು ನಿದ್ರೆ. ಗಿಳಿಗೆ 10ರಿಂದ 12 ಗಂಟೆಗಳ ಕತ್ತಲೆ ನಿಶ್ಶಬ್ದಗಳು ಬೇಕು. ನಡುರಾತ್ರಿಯವರೆಗೆ ಟಿ.ವಿ. ಕೂಗುವ ಕೋಣೆಯಲ್ಲಿ ಹಕ್ಕಿಯು ನಿದ್ದೆಗೆಟ್ಟು ಸಿಡುಕಾಗುವುದು.

ಮೂರನೆಯದು ಸ್ನಾನ. ಅಗಲವಾದ ತಟ್ಟೆಯಲ್ಲಿ ನೀರಿಟ್ಟರೆ ಅದು ತಾನೇ ಮೀಯುವುದು. ಇಲ್ಲವೆ ಬೆಳಗಿನ ಬಿಸಿಲಿನಲ್ಲಿ ಉಗುರುಬೆಚ್ಚಗಿನ ನೀರನ್ನು ಮಂಜಿನಂತೆ ಚಿಮುಕಿಸಬೇಕು. ಒದ್ದೆಯಾದ ಗರಿಗಳನ್ನು ಹಕ್ಕಿಯು ಕೊಕ್ಕಿನಿಂದ ತಿದ್ದಿಕೊಳ್ಳುವುದು. ಕೀಳುವುದರ ಬದಲು ತಿದ್ದುವ ಅಭ್ಯಾಸ ಹೀಗೆ ಮರಳುವುದು. ಎಣ್ಣೆ, ಅರಿಸಿನ, ಮುಲಾಮು ಯಾವುದನ್ನೂ ಹಚ್ಚಕೂಡದು. ಗರಿ ಅಂಟಿಕೊಂಡು ಇನ್ನಷ್ಟು ಕೀಳುವುದು, ಹೊಟ್ಟೆಗೂ ಹೋಗುವುದು.

ನಾಲ್ಕನೆಯದು ಆಹಾರ. ನೆನೆಸಿ ಮೊಳಕೆ ಬರಿಸಿದ ಹೆಸರು, ಗಜ್ಜರಿ, ಮೆಂತ್ಯದ ತಪ್ಪಲು, ನುಗ್ಗೆಯ ತಪ್ಪಲು, ಪೇರಲಹಣ್ಣು, ಮೆಣಸಿನಕಾಯಿ ಇವು ಒಳ್ಳೆಯವು. ಸೂರ್ಯಕಾಂತಿಯನ್ನು ಕಡಿಮೆ ಮಾಡಬೇಕು. ಒಮ್ಮೆಲೆ ನಿಲ್ಲಿಸದೆ ಕ್ರಮಕ್ರಮವಾಗಿ. ಬೂಸು ಹಿಡಿದ ಶೇಂಗಾ ವಿಷ. ಬೆಣ್ಣೆಹಣ್ಣು, ಚಾಕಲೇಟು, ಚಹಾ ಎಂದಿಗೂ ಸಲ್ಲ. ಹೊಲದಿಂದ ತಂದುದು ಯಾವುದಾದರೂ ಔಷಧ ಹೊಡೆಯದೆ ಇದ್ದುದಾಗಿರಬೇಕು. ಚೆನ್ನಾಗಿ ತೊಳೆದು ಕೊಡಬೇಕು.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಕೆಲಸ. ಇದಕ್ಕೆ ಪರದೇಶದವರು ಅಂಗಡಿಯಿಂದ ಆಟದ ಸಾಮಾನು ಕೊಳ್ಳುತ್ತಾರೆ. ನಮ್ಮ ಎರೆಸೀಮೆಯಲ್ಲಿ ಅದರ ಅವಶ್ಯವಿಲ್ಲ. ಸೀತನಿಯ ಕಾಲದಲ್ಲಿ ಹಾಲುಗಾಳಿನ ಜೋಳದ ತೆನೆಯನ್ನು ಇಡಿಯಾಗಿಯೇ ಪಂಜರದಲ್ಲಿ ತೂಗುಬಿಟ್ಟರೆ ಗಿಳಿಯು ಒಂದೊಂದೇ ಕಾಳನ್ನು ಬಿಡಿಸುತ್ತ ಅರ್ಧ ದಿನ ಕಳೆಯುವುದು. ಕಡಲೆಯ ಹಂಗಾಮಿನಲ್ಲಿ ಸುಲಗಾಯಿಯನ್ನು ಗಿಡದ ಸಮೇತ ಕಟ್ಟಬೇಕು. ಗೋವಿನಜೋಳದ ತೆನೆಯನ್ನು ಸಿಪ್ಪೆ ಸುಲಿಯದೆ ಕೊಡಬೇಕು. ಎಳೆಯ ಬೇವಿನ ಟೊಂಗೆಯನ್ನಿಟ್ಟರೆ ತೊಗಟೆ ಸುಲಿಯುವುದರಲ್ಲಿ ಕೊಕ್ಕಿನ ಹಸಿವು ತೀರುವುದು. ಬೇರೆ ದಿನಗಳಲ್ಲಿ ಕಾಳುಗಳನ್ನು ಗೋವಿನಜೋಳದ ಒಣ ಸಿಪ್ಪೆಯಲ್ಲಿ ಸುತ್ತಿ ಗಂಟುಹಾಕಿ ಅಲ್ಲಲ್ಲಿ ಅಡಗಿಸಿಡಬಹುದು. ಹೊಲದಲ್ಲಿ ಯಾವುದನ್ನು ಕಳ್ಳತನವೆಂದು ಡಬ್ಬಿ ಬಡಿದು ಓಡಿಸುತ್ತೇವೆಯೋ ಅದೇ ಗಿಳಿಯ ಕಾಯಕ.

ಆರನೆಯದು ನಮ್ಮ ನಡತೆ. ಕಿತ್ತಾಗಲೆಲ್ಲ ಓಡಿ ಬಂದು ಗದರಿದರೆ, ಕಿತ್ತರೆ ಜನ ಬರುವರೆಂದು ಜಾಣ ಹಕ್ಕಿಯು ಕಲಿತುಕೊಳ್ಳುವುದು. ಆದುದರಿಂದ ಕೀಳುವಾಗ ಗದರದೆ, ಸುಮ್ಮನಿರುವಾಗ, ತೆನೆ ಸುಲಿಯುವಾಗ ಮಾತನಾಡಿಸಬೇಕು. ಕೊರಳಿಗೆ ತಡೆಪಟ್ಟಿ ಹಾಕುವುದು, ಮನಸ್ಸಿನ ಔಷಧ ಕೊಡುವುದು ಇವು ಗಾಯವಾಗುವಷ್ಟು ವಿಕೋಪಕ್ಕೆ ಹೋದಾಗ ವೈದ್ಯರು ಮಾತ್ರ ಮಾಡತಕ್ಕ ಉಪಾಯಗಳು. ಕಾರಣವನ್ನು ಹಾಗೆಯೇ ಬಿಟ್ಟು ಕೊರಳಪಟ್ಟಿ ಹಾಕುವುದೆಂದರೆ ಅಳುವ ಮಗುವಿನ ಬಾಯಿಗೆ ಬಟ್ಟೆ ಕಟ್ಟಿದಂತೆ.

ಇಷ್ಟೆಲ್ಲ ಮಾಡಿದರೂ ಫಲವು ಬೇಗ ಕಾಣದು. ಅಜ್ಜಿಯ ಗಿಳಿಗೆ ಎರಡು ತಿಂಗಳ ಮೇಲೆ ಎದೆಯಲ್ಲಿ ಬೂದುಬಣ್ಣದ ತುಪ್ಪುಳು ಮೂಡಿತು. ಬಳಿಕ ಹಸಿರು ಕಾಣಿಸಿತು. ಬಲರೆಕ್ಕೆಯ ಒಳಗೆ ಅಂಗೈಯಲ್ಲಿ ಕಾಲುಭಾಗದಷ್ಟು ಜಾಗ ಮಾತ್ರ ಬೋಳಾಗಿಯೇ ಉಳಿಯಿತು. ಒಂದೇ ಕಡೆ ಮತ್ತೆ ಮತ್ತೆ ಕಿತ್ತರೆ ಗರಿಯ ಬೇರು ಕೆಟ್ಟು ಅಲ್ಲಿ ಮತ್ತೆ ಗರಿ ಹುಟ್ಟುವುದಿಲ್ಲ. ಆದುದರಿಂದ ಚಿಕಿತ್ಸೆಯನ್ನು ಮೊದಲನೆಯ ಬೋಳು ತೇಪೆ ಕಂಡಾಗಲೇ ಆರಂಭಿಸಬೇಕು.

ಇಲ್ಲಿಗೆ ಲೇಖನವನ್ನು ಮುಗಿಸಬಹುದಾಗಿತ್ತು. ಆದರೆ ವೈದ್ಯರು ಹೇಳಿದ ಇನ್ನೊಂದು ಮಾತು ಉಳಿದಿದೆ. ಅದು ಔಷಧಕ್ಕಿಂತ ಕಹಿಯಾದುದು. ನಮ್ಮ ನಾಡಿನ ಹಸಿರು ಗಿಳಿಯನ್ನು ಮನೆಯಲ್ಲಿ ಸಾಕುವುದೇ ಕಾಯಿದೆಗೆ ವಿರುದ್ಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಈ ಹಕ್ಕಿಗಿದೆ. 2022ರ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಇದು ಎರಡನೆಯ ಅನುಸೂಚಿಯಲ್ಲಿದೆ. ಹಿಡಿಯುವುದು, ಮಾರುವುದು, ಕೊಳ್ಳುವುದು, ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. 2015ರಲ್ಲಿ ದಿಲ್ಲಿಯ ಹೈಕೋರ್ಟು ಹಕ್ಕಿಗೆ ಆಕಾಶದಲ್ಲಿ ಹಾರುವ ಹಕ್ಕು ಇದೆಯೆಂದು ಅಭಿಪ್ರಾಯಪಟ್ಟಿತು. ಈ ವಿಷಯ ನಮ್ಮ ಹಳ್ಳಿಗಳಲ್ಲಿ ಹೆಚ್ಚು ಜನಕ್ಕೆ ತಿಳಿಯದು.

ಕಾಯಿದೆಯ ಹಿಂದೆ ಕಾರಣವಿದೆ. ಈ ಗಿಳಿಯು ಮರದ ಪೊಟರೆಯಲ್ಲಿ ಚಳಿಗಾಲದ ಕೊನೆಗೂ ಬೇಸಗೆಯಲ್ಲಿಯೂ ಸಾಮಾನ್ಯವಾಗಿ ಮೂರು ನಾಲ್ಕು ಮೊಟ್ಟೆಗಳನ್ನಿಟ್ಟು, ಮೂರು ವಾರ ಕಾವು ಕೊಟ್ಟು ಮರಿ ಮಾಡುವುದು. ರೆಕ್ಕೆ ಬಲಿಯದ ಆ ಮರಿಗಳನ್ನು ಪೊಟರೆಗೆ ಕೈಹಾಕಿ ಎಳೆದು ಪೇಟೆಗೆ ತರುತ್ತಾರೆ. ದಾರಿಯಲ್ಲಿ ಸಾಯುವುವು ಎಷ್ಟೋ. 'ಕಾದಂಬರಿ'ಯ ವೈಶಂಪಾಯನನು ಅರಸನ ಸಭೆಯಲ್ಲಿ ಹೇಳಿಕೊಂಡ ಬಾಲ್ಯವೂ ಇದೇ: ಬೇಡನು ಮರವನ್ನೇರಿ ಪೊಟರೆಗಳಲ್ಲಿದ್ದ ಗಿಳಿಗಳನ್ನು ಕೊಂದು ಕೆಳಗೆಸೆದನು, ಮುದಿ ತಂದೆಯು ಮರಿಯನ್ನು ರೆಕ್ಕೆಯೊಳಗೆ ಅಡಗಿಸಿಕೊಂಡು ಸತ್ತಿತು. ತರಗತಿಯಲ್ಲಿ ಆ ಭಾಗದ ಕರುಣರಸವನ್ನು ಕೊಂಡಾಡುವ ನಾವು ಜಾತ್ರೆಯಲ್ಲಿ ಮರಿಯನ್ನು ಕೊಳ್ಳುವಾಗ ಆ ತಂದೆಯನ್ನು ನೆನೆಯುವುದಿಲ್ಲ.

ಅಜ್ಜಿಗೆ ಇದನ್ನು ಹೇಳಿದಾಗ ಅವಳು ಕೋಪಗೊಳ್ಳಲಿಲ್ಲ. "ಇದನ್ನ ಕೊಟ್ಟ ಮ್ಯಾಲ ನಾ ಯಾರ ಕೂಡ ಮಾತಾಡ್ಲಿ?" ಎಂದು ಮಾತ್ರ ಕೇಳಿದಳು. ಯಾವ ಪುಸ್ತಕದಲ್ಲಿಯೂ ಅದಕ್ಕೆ ನನಗೆ ಉತ್ತರ ಸಿಕ್ಕಲಿಲ್ಲ. ಪಂಜರದ ಬಾಗಿಲನ್ನು ತೆರೆದುಬಿಡೋಣವೆಂದು ಕೆಲವರು ಸೂಚಿಸಿದರು. ಅದು ದಯೆಯಂತೆ ಕಂಡರೂ ದಯೆಯಲ್ಲ. ಮನೆಯಲ್ಲಿ ಬೆಳೆದ, ರೆಕ್ಕೆಯ ಬಲವಿಲ್ಲದ ಹಕ್ಕಿಗೆ ಆಹಾರ ಹುಡುಕಲು ಬಾರದು, ಬೆಕ್ಕು ಗಿಡುಗಗಳ ಭಯ ತಿಳಿಯದು. ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸುವುದೊಂದೇ ಸರಿಯಾದ ದಾರಿ. 1926 ಎಂಬ ಇಲಾಖೆಯ ಸಹಾಯವಾಣಿಯಿದೆ. ಅಜ್ಜಿಯು ಹದಿನೈದು ದಿನ ವಿಚಾರ ಮಾಡಿದಳು. ಕಡೆಗೆ ತಾನೇ ಮೊಮ್ಮಗನಿಗೆ ಹೇಳಿಕಳಿಸಿದಳು. ಇಲಾಖೆಯವರು ಬಂದ ದಿನ ಅವರ ಕೈಗೆ ಜೋಳದ ಆರು ತೆನೆಗಳ ಕಟ್ಟನ್ನು ಕೊಟ್ಟು, "ಬಿಡಿಸಿ ಹಾಕಬ್ಯಾಡ್ರಿ, ಹಂಗ ಕಟ್ರಿ, ತಾನ ಸುಲಕೋತೈತಿ" ಎಂದಳು. ಈಗ ಸಂಜೆಯ ಹೊತ್ತಿಗೆ ಓಣಿಯ ಹುಡುಗಿಯರು ಶೇಂಗಾ ಸುಲಿಯುವುದಾಗಲಿ, ಕಾಳು ಹಸನು ಮಾಡುವುದಾಗಲಿ ಇದ್ದರೆ ಅದನ್ನು ಅಜ್ಜಿಯ ಕಟ್ಟೆಗೇ ಒಯ್ಯುತ್ತೇವೆ. ಮಾತೂ ನಡೆಯುವುದು, ಕೈಗೆ ಕೆಲಸವೂ ಆಗುವುದು.

ಪರದೇಶದ ಹಕ್ಕಿಗಳನ್ನು ಸಾಕಬಹುದಲ್ಲ ಎಂದು ಮಿತ್ರರು ಕೇಳಬಹುದು. ಬಜರಿಗರ್, ಕಾಕಟೀಲ್ ಮುಂತಾದ ಸಣ್ಣ ಹಕ್ಕಿಗಳನ್ನು ಪಟ್ಟಣದ ಅಂಗಡಿಗಳಲ್ಲಿ ಮಾರುತ್ತಾರೆ. ಆಫ್ರಿಕದ ಬೂದುಗಿಳಿಯಂಥ, ಅಂತರರಾಷ್ಟ್ರೀಯ ಒಪ್ಪಂದದ ರಕ್ಷಣೆಯಲ್ಲಿರುವ ಜಾತಿಗಳನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ಸರಕಾರದಲ್ಲಿ ನೋಂದಾಯಿಸಬೇಕು. ಗರಿ ಕೀಳುವ ಚಾಳಿ ಅತಿಯಾಗಿ ಕಂಡುಬರುವುದು ಈ ಬೂದುಗಿಳಿ ಮತ್ತು ಕಾಕಟೂಗಳಲ್ಲಿಯೇ ಎಂಬುದನ್ನು ಕೊಳ್ಳುವ ಮೊದಲು ನೆನೆಯುವುದು ಒಳ್ಳೆಯದು. ದಿನವೆಲ್ಲ ಮನೆಗೆ ಬೀಗ ಹಾಕಿ ಹೋಗುವವರು, ಹಾಸ್ಟೆಲಿನಲ್ಲಿರುವವರು ಯಾವ ಜಾತಿಯ ಗಿಳಿಯನ್ನೂ ಸಾಕದಿರುವುದೇ ಮೇಲು. ಈಗಾಗಲೇ ಸಾಕಿದವರು ಹಕ್ಕಿಯ ಎದೆಯ ಮೇಲೆ ಕಣ್ಣಿಡಲಿ. ಬೋಳು ಕಂಡರೆ ಮಂತ್ರವಾದಿಯ ಬಳಿಗಾಗಲಿ ಔಷಧದ ಡಬ್ಬಿಯ ಬಳಿಗಾಗಲಿ ಓಡದೆ ವೈದ್ಯರ ಬಳಿಗೆ ಹೋಗಲಿ. ನಮ್ಮ ನೆರೆಯ ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ.

ಒಟ್ಟಿನಲ್ಲಿ, ಗರಿ ಕೀಳುವ ಗಿಳಿಯು ಹಟಮಾರಿಯೂ ಅಲ್ಲ, ಅದಕ್ಕೆ ದೃಷ್ಟಿಯೂ ತಗಲಿಲ್ಲ. ಮೈಯಲ್ಲಿ ರೋಗವಿಲ್ಲದೆ ಅದು ಕೀಳುತ್ತಿದ್ದರೆ, ಮಾಡಬೇಕಾದ ಕೆಲಸವೂ ಕೂಡಿ ಬಾಳುವ ಹಿಂಡೂ ತನಗೆ ಇಲ್ಲವಾದುವೆಂದು ಅದು ತನ್ನ ಭಾಷೆಯಲ್ಲಿ ಹೇಳುತ್ತಿದೆ. ನಾವು ಕಲಿಸಿದ ಮಾತನ್ನು ಅದು ಆಡಿದಾಗ ಹತ್ತು ಜನ ನಿಂತು ಕೇಳುತ್ತೇವೆ. ಈ ಮಾತನ್ನು ನಾವು ಕಲಿಸಲಿಲ್ಲ. ಇದನ್ನೂ ಅಷ್ಟೇ ಗಮನವಿಟ್ಟು ಕೇಳುವುದು ವಿದ್ಯಾವಂತರೆನಿಸಿದ ನಮ್ಮ ಕರ್ತವ್ಯವಾಗಿದೆ.